ನಾನಾಗಿಯೇ ಹತ್ತಿದ ಜೀಪು

ಶಾಂತಕ್ಕಾ, ಅವತ್ತು ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ನಾನೇ ಜೀಪು ಹತ್ತಿದೆ — ಹೊಸ ಸೀರೆ ಉಟ್ಟು, ನಗುನಗುತ್ತ. ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟದ್ದು ಇದನ್ನೇ.

ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಲೇ ನೀನು ನಮ್ಮೂರ ಪಂಚಾಯ್ತಿಗೆ ಅಧ್ಯಕ್ಷೆಯಾದೆ. ಮೀಸಲಾತಿ ಬಂತೆಂದು ನಿನ್ನನ್ನು ಕೂರಿಸಿದ ಗೌಡರು, ಬಾಯಿ ಮುಚ್ಚಿಕೊಂಡು ಹೆಬ್ಬೆಟ್ಟು ಒತ್ತುತ್ತಾಳೆ ಅಂದುಕೊಂಡಿದ್ದರು. ನೀನೋ — ಮೊದಲ ಬೋರು ಕೂಲಿಯವರ ಓಣಿಗೇ ಆಗಬೇಕೆಂದು ಹಟ ಹಿಡಿದು ಹಾಕಿಸಿಯೇಬಿಟ್ಟೆ! ಅವರಿಗೆ ಉರಿ ಹತ್ತಿತು. ನಿನ್ನನ್ನು ಇಳಿಸಲು ಅವಿಶ್ವಾಸ ತಂದರು. ಒಂದು ಕೈ ಕಡಿಮೆ ಬೀಳುತ್ತಿತ್ತು. ನಾನೂ ಸದಸ್ಯೆಯಲ್ಲವೇ — ಗೌಡರೇ ಜೀಪು ತಗೊಂಡು ನನ್ನ ಮನೆಗೆ ಬಂದರು.

"ಬಾರವ್ವ ಗಂಗವ್ವ, ತುಳಜಾಪುರ ನೋಡ್ಕೊಂಡು ಬರೂಣು. ಬಂದು ಒಮ್ಮಿ ಕೈ ಎತ್ತಿದ್ರ ಆತು. ಮುಂದ ಆ ಕುರ್ಚಿ ನಿಂದ."

ದೇವರ ಹಿಪ್ಪರಗಿ ಸಂತೆ ದಾಟಿ ಊರು ಕಂಡವಳಲ್ಲ ನಾನು. ಅದಕ್ಕೆ ಹೋದೆ ಎಂದರೆ ಅರ್ಧ ಸತ್ಯ. ನಿನ್ನನ್ನು ಜನ 'ಅಧ್ಯಕ್ಷರೇ' ಎಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು, ಅಕ್ಕಾ. ತುಳಜಾಪುರದ ಗುಡಿಯಲ್ಲಿ ದೇವಿಯ ಕುಂಕುಮ ಮುಟ್ಟಿಸಿ, ನಿನ್ನ ವಿರುದ್ಧ ಕೈ ಎತ್ತುತ್ತೇನೆಂದು ಆಣೆ ಹಾಕಿಸಿದರು. ಆಣೆ ಬೇಕಿರಲೇ ಇಲ್ಲ.

ಅಲ್ಲಿಂದ ನೇರ ಸಭೆಗೆ ತಂದಿಳಿಸಿದರು. ನಿನ್ನೆದುರೇ ಕೈ ಎತ್ತಿದೆ. ನಿನ್ನ ಮುಖ ನೋಡಲಾಗಲಿಲ್ಲ ಅನ್ನಲಾರೆ — ನೋಡಲಿಲ್ಲ, ಅಷ್ಟೇ.

ಹೊರಗೆ ಬಂದಾಗ ನೀನು ಬೈಯಲಿಲ್ಲ. ನನ್ನ ಕೈ ಹಿಡಿದು, "ಹೊಡದ್ರೇನ ತಂಗಿ ನಿನ್ನ?" ಎಂದೆ. ನಾನಿಲ್ಲದಾಗ ಹಾಸಿಗೆ ಹಿಡಿದ ನನ್ನತ್ತೆಗೆ ಹಾಲು-ರೊಟ್ಟಿ ತಿನ್ನಿಸಿದವಳೂ ನೀನೇ ಎಂದು ಆಮೇಲೆ ತಿಳಿಯಿತು. ನಾನು ಅಳತೊಡಗಿದೆ. ಆ ಅಳುವನ್ನೇ ನೀನು ಉತ್ತರ ಅಂದುಕೊಂಡೆ. ನಾನು ಅಲ್ಲ ಎನ್ನಲಿಲ್ಲ.

ಕುರ್ಚಿ ನನಗೂ ಸಿಗಲಿಲ್ಲ. ಓಣಿಯಲ್ಲಿ ಯಾರಾದರೂ ನನ್ನನ್ನು ಆಡಿಕೊಂಡರೆ ನೀನೇ ಜಗಳಕ್ಕೆ ನಿಲ್ಲುತ್ತಿದ್ದೆ — "ಪಾಪ, ಆಕೀನ್ನ ಅಂಜಿಸ್ಯಾರ!"

ಮುಂದಿನ ಚುನಾವಣೆಗೆ ಓಣಿಯ ಹೆಂಗಸರೆಲ್ಲ ನಿನ್ನ ಬಾಗಿಲಿಗೆ ಬಂದು, ನೀನೇ ನಿಲ್ಲಬೇಕೆಂದು ಕೈ ಮುಗಿದರು. ನೀನು ಒಲ್ಲೆ ಎಂದೆ. ಅವರೆಲ್ಲ ಹೋದ ಮೇಲೆ ನನಗೊಬ್ಬಳಿಗೇ ಹೇಳಿದೆ: "ನಾ ನಿಂತ್ರ ಅವರು ಮತ್ತ ನಿನಗ ತ್ರಾಸ ಕೊಡ್ತಾರ. ನನಗ ಕುರ್ಚಿ ಬ್ಯಾಡವಾ, ನೀ ಸುಖಾ ಇರು."

ಅಯ್ಯೋ ಶಾಂತಕ್ಕಾ! ಆಗಲಾದರೂ ನಾನು ಬಾಯಿ ಬಿಟ್ಟಿದ್ದರೆ ನನ್ನ ಮುಖಕ್ಕೆ ಉಗುಳಿ, ಹೋಗಿ ನಾಮಪತ್ರ ಹಾಕುತ್ತಿದ್ದೆ ನೀನು. ಇನ್ನೂ ಒಂದು ದಿನ ಬಾಕಿಯಿತ್ತು. ನಾನೋ, ನೀನು ಕೊಟ್ಟ ಚಹಾ ಕುಡಿದು, "ಹೌದಕ್ಕಾ" ಎಂದು ಎದ್ದು ಬಂದೆ.