ಮೂವತ್ತೇಳರ ಆಟಗಾರ, ನಲವತ್ತೆಂಟರ ನಾನು

ಕೆಲಸ ಹೋಗಿ ಇಪ್ಪತ್ತೊಂಬತ್ತು ದಿನವಾಗಿತ್ತು. ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್‌ನ ಕಂಪನಿಯೊಂದರಲ್ಲಿ ಕಾರಿನ ಬ್ರೇಕ್ ವಿನ್ಯಾಸ ಮಾಡಿಕೊಂಡಿದ್ದವನು ನಾನು. ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ಕರೆದು ವೀಸಾಕ್ಕೆ ಅರ್ಜಿ ಹಾಕದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಮರಳಬೇಕು. ವಿಷಯ ಗೊತ್ತಿದ್ದದ್ದು ನನಗೂ ಹೆಂಡತಿಗೂ ಮಾತ್ರ.

ಆ ಭಾನುವಾರ ಮಧ್ಯಾಹ್ನ, ಟಿವಿಯಲ್ಲಿ ಆಟ ನೋಡುವ ನೆಪದಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಗೆಳೆಯನ ಮನೆಗೆ ಹೋದೆವು. ಅವನು ಬೇರೊಂದು ಕಂಪನಿಯಲ್ಲಿ ಮ್ಯಾನೇಜರ್; ಅವನ ಕೈಕೆಳಗೆ ಒಂದು ಜಾಗ ಖಾಲಿಯಿತ್ತು. ಇಬ್ಬರೂ ಮೈಸೂರಿನವರು, ಹನ್ನೆರಡು ವರ್ಷದಿಂದ ‘ಏನೋ’, ‘ಬಾರೋ’ ಎನ್ನುವ ಸಲಿಗೆ. ಕೇಳಿದರೆ ಇಲ್ಲವೆನ್ನಲಾರ ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳಿದೆ. ನಿಜ ಹೇಳಬೇಕೆಂದರೆ, ನನಗೇ ಧೈರ್ಯ ಬರಲೆಂದು ಹೇಳಿದ್ದು.

ಬೇಸ್‌ಮೆಂಟಿಗೆ ಇಳಿದರೆ ಅಲ್ಲಿ ಆಗಲೇ ಜಗಳ. ನಮ್ಮ ಡೆಟ್ರಾಯಿಟ್ ಬ್ಯಾಸ್ಕೆಟ್‌ಬಾಲ್ ತಂಡ ಮೂವತ್ತೇಳು ವರ್ಷದ ಆಟಗಾರನೊಬ್ಬನನ್ನು ಸೇರಿಸಿಕೊಂಡಿತ್ತು.

“ತಲೆ ಕೆಟ್ಟಿದೆ ಇವ್ರಿಗೆ,” ಎಂದ ಗೆಳೆಯ. “ಅವನಿಗೆ ಮಂಡಿನೇ ಹೋಗಿದೆ. ಆ ಜಾಗಕ್ಕೆ ಯಾರಾದ್ರೂ ಚಿಕ್ಕವನ್ನ ತಗೊಂಡಿದ್ರೆ ಹತ್ತು ವರ್ಷ ಆಡ್ತಿದ್ದ.”

“ಡ್ಯಾಡ್, ಹಿ ನೋಸ್ ಹೌ ಟು ವಿನ್!” ಎಂದಳು ಕಾಲೇಜಿನಲ್ಲಿ ಓದುವ ಅವನ ಮಗಳು.

ನಾನು ಸುಮ್ಮನಿರಬೇಕಿತ್ತು. ಕೆಲಸ ಕೇಳಲು ಬಂದವನು ಕೆಲಸ ಕೊಡುವವನ ಜೊತೆ ವಾದಕ್ಕಿಳಿಯಬಾರದೆಂಬ ಬುದ್ಧಿ ಈ ವಯಸ್ಸಿಗಾದರೂ ಬರಬೇಡವೆ? ಆದರೆ ನಾಲಿಗೆ ಕೇಳಬೇಕಲ್ಲ.

“ಓಡೋಕೆ ಹುಡುಗ್ರಿದಾರಲ್ಲೋ! ಎಲ್ಲಿ ನಿಲ್ಬೇಕು ಅಂತ ಅವ್ರಿಗೆ ಹೇಳ್ಕೊಡೋಕೆ ಒಬ್ಬ ಬೇಡ್ವಾ? ಮೂವತ್ತೇಳಕ್ಕೇ ಮನುಷ್ಯ ಮುಗಿದುಹೋದ್ನಾ?” ದನಿ ಏರಿಸಿಯೇ ಕೇಳಿದೆ.

“ನಿನಗ್ಯಾಕೋ ಇಷ್ಟು ಉರಿ? ಅವನೇನು ನಿನ್ನ ಭಾವಮೈದನಾ?” ಗೆಳೆಯ ನಕ್ಕ.

ಆಟದ ಗಂಧಗಾಳಿಯಿಲ್ಲದ ನನ್ನ ಹೆಂಡತಿ ಆಗ ಕೇಳಿದಳು: “ಅಷ್ಟು ದೊಡ್ಡ ಆಟಗಾರ, ಇಷ್ಟು ದಿನ ಯಾವ ಟೀಮಲ್ಲೂ ಇರ್ಲಿಲ್ವಾ?”

“ಫ್ರೀ ಏಜೆಂಟ್, ಆಂಟಿ,” ಎಂದಳು ಹುಡುಗಿ.

“ಫ್ರೀ ಅಂದ್ರೆ, ಪುಕ್ಕಟೆ ಆಡ್ತಾನಾ?”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆಳೆಯ ಬಿಡಿಸಿ ಹೇಳಿದ: “ಹಂಗಲ್ಲ. ಕಾಂಟ್ರ್ಯಾಕ್ಟ್ ಮುಗಿದಿರತ್ತೆ. ಯಾವ ಟೀಮ್ ಕರೆದ್ರೂ ಹೋಗ್ಬಹುದು.”

“ಯಾರೂ ಕರೀದೇ ಇದ್ರೆ?”

ಹೆಂಡತಿ ನಗುತ್ತಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹುಡುಗಿ ಟಿವಿಯ ಶಬ್ದ ಜೋರು ಮಾಡಿದಳು.

ಅರ್ಧ ಆಟ ಮುಗಿದಾಗ ಗೆಳೆಯ ಕಾಫಿ ಮಾಡಲು ಮೇಲೆ ಹೋದ. ಹಿಂದೆಯೇ ಹೋದೆ. ಡಿಕಾಕ್ಷನ್ ಬಗ್ಗಿಸುತ್ತಿದ್ದವನಿಗೆ ಕೆಲಸ ಹೋದದ್ದು, ಉಳಿದಿರುವ ದಿನ, ಅವನಲ್ಲಿ ಖಾಲಿಯಿರುವ ಜಾಗ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಷ್ಟು ಹೆದರಿಕೆ ನನಗೆ ಮೊದಲ ಇಂಟರ್‌ವ್ಯೂನಲ್ಲೂ ಆಗಿರಲಿಲ್ಲ.

ಅವನು ಲೋಟ ಕೆಳಗಿಟ್ಟ. “ಅಯ್ಯೋ,” ಎಂದ. ಕೈ ಒರೆಸಿಕೊಂಡು, “ರೆಸ್ಯೂಮೆ ಕಳಿಸಿ. ಎಚ್ಆರ್‌ಗೆ ಫಾರ್ವರ್ಡ್ ಮಾಡ್ತೀನಿ. ನೀವೇನೂ ಯೋಚ್ನೆ ಮಾಡ್ಬೇಡಿ,” ಎಂದು ಭುಜ ತಟ್ಟಿದ.

ಒಳ್ಳೆಯ ಮಾತೇ. ಆದರೂ ಕಾಫಿ ಹಿಡಿದು ಮೆಟ್ಟಿಲಿಳಿಯುವಾಗ ಅದನ್ನೇ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ಕೊನೆಗೆ ನಮ್ಮವರು ಗೆದ್ದರೋ ಸೋತರೋ ನೆನಪಿಲ್ಲ.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವ ಮೊದಲೇ ಹೆಂಡತಿ ಕೇಳಿದಳು: “ಏನಂದ್ರು?”

“ರೆಸ್ಯೂಮೆ ಕಳಿಸಿ ಅಂದ.”

“ಕಳಿಸು ಅಂದ್ರಾ, ಕಳಿಸಿ ಅಂದ್ರಾ?”

“ಕಳಿಸಿ.”

ಅವಳು ಬೆಲ್ಟ್ ಎಳೆದು ಹಾಕಿಕೊಂಡಳು. ಆಮೇಲೆ, “ಹಾಗಾದ್ರೆ ನಾಳೆಯಿಂದ ಚಿಕಾಗೋ ಕಡೆನೂ ಅಪ್ಲೈ ಮಾಡಿ,” ಎಂದಳು.