ಹಲ್ಲತ್ತೆ ಸಾಲ ಮಾಡಲು ಕಲಿತದ್ದು

ನಮ್ಮ ಸೋದರತ್ತೆಯನ್ನು ಮನೆಯಲ್ಲಿ ಎಲ್ಲರೂ ಹಲ್ಲತ್ತೆ ಎನ್ನುತ್ತೇವೆ. ಹಲ್ಲುಸೆಟ್ಟು ಮಾಡುವುದು ಅವಳ ಕಸುಬು. ಯಾರೇ ಮಾತಾಡಿಸಿದರೂ ಮೊದಲು ಅವರ ಬಾಯಿಯನ್ನೇ ನೋಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಅಪ್ಪ ಅವಳನ್ನು ನಾವಿರುವ ಈ ದೇಶಕ್ಕೆ ಕರೆಸಿಕೊಂಡ. ಬಂದ ಸ್ವಲ್ಪ ದಿನದಲ್ಲೇ ಅತ್ತೆ ಹಲ್ಲುಸೆಟ್ಟಿನ ಲ್ಯಾಬೊಂದರಲ್ಲಿ ಕೆಲಸ ಹಿಡಿದಳು.

ಲ್ಯಾಬಿನ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಖಾಲಿಯಿತ್ತು. ಬೆಳಗಿನ ಬಿಸಿಲು ಬೀಳುವ ಕಿಟಕಿ ನೋಡಿ ಅತ್ತೆಗೆ ಮನಸ್ಸಾಯಿತು. ಮನೆಯೊಡತಿ ಮಾತ್ರ ಕಂಪ್ಯೂಟರಿನಲ್ಲಿ ಅತ್ತೆಯ ಹೆಸರು ಹಾಕಿ ನೋಡಿ ಮುಖ ಸಣ್ಣದು ಮಾಡಿದಳು.

"ನೀವು ಸಾಲ ತಗೊಂಡು ತೀರಿಸಿದ ದಾಖಲೆನೇ ಇಲ್ವಲ್ಲ?"

"ಜನ್ಮದಲ್ಲಿ ಒಂದು ಪೈಸೆ ಸಾಲ ಮಾಡಿಲ್ಲ ಕಣಮ್ಮ," ಎಂದಳು ಅತ್ತೆ, ಹೆಮ್ಮೆಯಿಂದ.

"ಅದೇ ತೊಂದರೆ ಆಗಿರೋದು."

ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಅತ್ತೆಗೆ ಕುತೂಹಲ ಹತ್ತಿತು. ಮನೆಗೆ ಬಂದವಳೇ ಅಪ್ಪನನ್ನು ಹಿಡಿದಳು. "ಅಲ್ವೋ, ಸಾಲ ಮಾಡಿದವರನ್ನ ನಂಬ್ತಾರೆ, ಮಾಡದವರನ್ನ ನಂಬಲ್ಲ. ಯಾಕಿರಬಹುದು?"

"ತಲೆ ಕೆಡಿಸ್ಕೋಬೇಡ ಅಕ್ಕ, ನಾನು ಜಾಮೀನು ನಿಲ್ತೀನಿ."

"ಜಾಮೀನು ಆಮೇಲಾಯ್ತು. ಮೊದಲು ನನಗೆ ಇದು ಅರ್ಥ ಆಗ್ಬೇಕು."

ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೋದಳು. ಮೇಜಿನ ಹಿಂದಿದ್ದ ಹೆಂಗಸು ಬಿಡಿಸಿ ಹೇಳಿದಳು: "ನಿಮ್ಮದೇ ಸ್ವಲ್ಪ ಹಣ ಇಲ್ಲಿ ಠೇವಣಿ ಇಡಿ. ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೊಡ್ತೀವಿ. ಸಣ್ಣಪುಟ್ಟದ್ದು ಕೊಳ್ಳಿ, ಬಿಲ್ ತಪ್ಪದೆ ಕಟ್ಟಿ, ದಾಖಲೆ ತಾನಾಗೇ ಬೆಳೆಯತ್ತೆ."

"ನನ್ನ ದುಡ್ಡು ನಿಮಗೆ ಕೊಟ್ಟು, ನಿಮ್ಮ ಹತ್ರ ನಾನೇ ಸಾಲ ತಗೊಳ್ಳೋದಾ? ಚೆನ್ನಾಗಿದೆ ಆಟ!"

ಆ ಹೆಂಗಸಿಗೂ ನಗು ಬಂತು.

ತಿಂಗಳುಗಳು ಕಳೆದರೂ ದಾಖಲೆಯಲ್ಲಿ ಹೆಚ್ಚೇನೂ ಮೂಡಲಿಲ್ಲ. ಮತ್ತೆ ಬ್ಯಾಂಕಿಗೆ ಹೋಗಿ ಕೇಳಿದೆವು. ಅದೇ ಹೆಂಗಸು ಲೆಕ್ಕ ತೆಗೆದು ನೋಡಿದಳು. "ಬೆಳಿಗ್ಗೆ ಸೋಪು ಕೊಂಡ್ರೆ ಸಂಜೆಯೊಳಗೆ ಕಟ್ಟಿಬಿಟ್ಟಿದ್ದೀರಿ. ಬಿಲ್ಲಲ್ಲಿ ಪ್ರತಿಸಲ ಸೊನ್ನೆ. ನೀವು ಕಾರ್ಡ್ ಬಳಸಿದ ಹಾಗೇ ಕಾಣಲ್ಲ."

"ಋಣ ಇಟ್ಕೊಂಡು ನಿದ್ದೆ ಹೇಗೆ ಮಾಡ್ಲಿ ತಾಯಿ?"

"ಬಿಲ್ ಬರೋವರೆಗೆ ತಡ್ಕೊಳ್ಳಿ, ಅಷ್ಟೇ."

ಆ ತಿಂಗಳು ಅತ್ತೆ ಕಾರ್ಡಿನಲ್ಲಿ ಚಪ್ಪಲಿ ಕೊಂಡಳು. ಆಗಾಗ ಪೆಟ್ಟಿಗೆ ತೆಗೆದು ನೋಡುವುದು, ಮುಚ್ಚಿಡುವುದು. "ಹಾಕ್ಕೋ ಅತ್ತೆ" ಎಂದರೆ, "ಇನ್ನೂ ನಂದಲ್ಲ" ಎನ್ನುತ್ತಿದ್ದಳು. ಬಿಲ್ ಬಂದ ದಿನವೇ ಕಟ್ಟಿ, ಅದೇ ಚಪ್ಪಲಿ ಮೆಟ್ಟಿ ಬೀದಿ ಸುತ್ತಿಬಂದಳು. ಆಮೇಲೆ ಕೊಡೆ ಕೊಂಡಾಗ ಅಷ್ಟು ಕಾಯಲಿಲ್ಲ, ಅಂಗಡಿಯ ಬಾಗಿಲಲ್ಲೇ ಬಿಚ್ಚಿದಳು.

ಸಾಲ ಸರಿಯಾಗಿ ತೀರಿಸುವವರಿಗೆ ಇಲ್ಲಿ ಅಂಕ ಕೊಡುತ್ತಾರೆ; ವರ್ಷ ತುಂಬುವ ಹೊತ್ತಿಗೆ ಫೋನಿನಲ್ಲಿ ಅವಳದೂ ಒಂದು ಅಂಕ ಕಂಡಿತು.

"ಇದು ಒಳ್ಳೇದಾ?"

"ಪರವಾಗಿಲ್ಲ ಅತ್ತೆ."

"ಎಲ್ಲೀವರೆಗೆ ಏರತ್ತೆ? ಯಾರು ಕೊಡ್ತಾರೆ ಇದನ್ನ, ಮನುಷ್ಯರಾ, ಯಂತ್ರಾನಾ?"

ನಾನು ಫೋನಿನಲ್ಲೇ ಹುಡುಕತೊಡಗಿದೆ.

ಬಿಸಿಲಿನ ಕೋಣೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಅದೇ ಬೀದಿಯಲ್ಲಿ ಮಹಡಿ ಮೇಲಿನ ಕೋಣೆಯೊಂದು ಸಿಕ್ಕಿತು. ಮನೆಯ ಮಾಲೀಕ ಅಂಕ ನೋಡಿ ಬೀಗದಕೈ ಕೊಟ್ಟ.

"ನಿಮ್ಮದೆಷ್ಟು?" ಎಂದಳು ಅತ್ತೆ.

"ಏನು?"

"ಅಂಕ."

ಅವನು ಏನೋ ಗೊಣಗಿ, ನಲ್ಲಿ ತೋರಿಸುವ ನೆಪದಲ್ಲಿ ಒಳಗೆ ಹೋದ. ಅತ್ತೆ ಜೊತೆಗೆ ಬಂದಿದ್ದ ಅಪ್ಪನ ಕಿವಿಯಲ್ಲಿ, "ಕಮ್ಮಿ ಇರ್ಬೇಕು ಕಣೋ ಪಾಪ," ಎಂದಳು.