ಬ್ಯಾರನ್ ಮೇಲಿನ ರಾಡಾರ್ ತಮ್ಮಯ್ಯ

"ಕಾಂಟ್ಯಾಕ್ಟ್!"

ಬೆಳಿಗ್ಗೆ ಈ ಕೂಗು ಕೇಳಿದ್ದೇ ತಡ, ನಮ್ಮೂರಿನ ಅರ್ಧ ಜನ ಚಪ್ಪಲಿ ಮೆಟ್ಟಿ ರಸ್ತೆಗೆ ಓಡುತ್ತಿದ್ದರು. ಕೂಗುತ್ತಿದ್ದವರು ತಮ್ಮಯ್ಯ ಮಾವ. ಹೊಗೆಸೊಪ್ಪು ಬೇಯಿಸುವ ತಮ್ಮ ಬ್ಯಾರನ್ನಿನ ಗೋಡೆಗೆ ಆನಿಸಿ ಒಂದು ಬಿದಿರಿನ ಅಟ್ಟಣೆ ಕಟ್ಟಿಕೊಂಡಿದ್ದರು. ಅದರ ಮೇಲೆ ಕಾಲಗಲಿಸಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಕತ್ತನ್ನು ಎಡದಿಂದ ಬಲಕ್ಕೆ ಒಂದೇ ಹದದಲ್ಲಿ ಹೊರಳಿಸುವರು. ಕತ್ತು ಒಂದು ಕಡೆ ನಿಂತಿತೆಂದರೆ ಬಸ್ಸು ಬಂತೆಂದೇ ಲೆಕ್ಕ.

ಪಿರಿಯಾಪಟ್ಟಣದ ಕಡೆಯಿಂದ ಬರುವ ರಸ್ತೆ ನಮ್ಮೂರಿಗೆ ಮುಂಚೆ ಒಂದು ದಿಣ್ಣೆ ಹತ್ತಿ ಇಳಿಯುತ್ತದೆ. ಸ್ಟಾಪಿನಲ್ಲಿ ನಿಂತವರಿಗೆ ದಿಣ್ಣೆಯಾಚೆ ಏನೂ ಕಾಣದು. ಬಸ್ಸು ನೆತ್ತಿಯ ಮೇಲೆ ಕಾಣಿಸಿಕೊಂಡಿತು ಅನ್ನುವಷ್ಟರಲ್ಲಿ ಧಡಧಡ ಇಳಿದು ಬಂದೇ ಬಿಡುವುದು. ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಡ್ರೈವರ್ ನಿಲ್ಲಿಸುವ ಶಾಸ್ತ್ರವೂ ಇರಲಿಲ್ಲ. ಆದರೆ ಮಾವನ ಅಟ್ಟಣೆಯಿಂದ ನೋಡಿದರೆ ದಿಣ್ಣೆಯಾಚೆಯ ತಿರುವಿನಲ್ಲೇ ಬಸ್ಸು ಸಿಗುತ್ತಿತ್ತು. ಊರಿನವರು ಅವರ ಕೂಗಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು.

ಏನೋ ಕಣ್ಣಿಗೆ ಬಿತ್ತು ಎಂಬ ಆ ಮೊದಲ ಕೂಗಿನ ಹಿಂದೆಯೇ ಎರಡನೆಯದು ಬರಬೇಕು. ಬಂದದ್ದು ನಮ್ಮವರಾದರೆ "ಫ್ರೆಂಡ್ಲಿ!" ಆಗದವರಾದರೆ "ಹಾಸ್ಟೈಲ್!" ನಮ್ಮ ಬಸ್ಸು, ಹಾಲಿನ ವ್ಯಾನು, ಸಂಪಂಗಿ ಹೂವಿನ ಮುದುಕಿ ಎಲ್ಲ ಫ್ರೆಂಡ್ಲಿ. ಹಾಸ್ಟೈಲ್ ಅನ್ನಿಸಿಕೊಂಡವರು ಇಬ್ಬರೇ: ಕರೆಂಟ್ ಫ್ಯೂಸ್ ಕಿತ್ತುಕೊಂಡು ಹೋಗುವ ಲೈನ್‌ಮನ್ ಮತ್ತು ಮಾವನ ಅತ್ತೆ. ಆ ಅಜ್ಜಿ ಇಂಗ್ಲಿಷ್ ಬಾರದೆ, "ನಮ್ಮ ಅಳೀಮಯ್ಯ ನಾನು ಬರೋದ ಕಂಡ್ರೆ ಅಟ್ಟಣೆ ಮ್ಯಾಲಿಂದ್ಲೇ ಕೂಗಿ ಮರ್ವಾದೆ ಕೊಡ್ತಾರೆ" ಎಂದು ಹೇಳಿಕೊಂಡು ತಿರುಗುತ್ತಿತ್ತು.

ಮಾವ ನೌಕಾಪಡೆಯಲ್ಲಿ ರಾಡಾರ್ ಮುಂದೆ ಕೂತು ಸರ್ವೀಸು ಮುಗಿಸಿ ಬಂದವರು. ಊರಿಗೆ ಬಂದು ಹೊಗೆಸೊಪ್ಪು ಹಾಕಿದರೂ ಹಡಗು ಅವರನ್ನು ಬಿಟ್ಟಿರಲಿಲ್ಲ. ಪಂಚೆಗೂ ಇಸ್ತ್ರಿ. ನೆಲ ಅಲ್ಲಾಡುತ್ತದೇನೋ ಎಂಬಂತೆ ಟೀ ಲೋಟವನ್ನು ಎದೆಗೆ ಹತ್ತಿರ ಹಿಡಿದೇ ಕುಡಿಯುವರು. ಸುಳ್ಳು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ರಾಡಾರ್ ತೆರೆ ಮ್ಯಾಲೆ ಇಲ್ದಿರೋದ್ನ ಅದೆ ಅಂದ್ರೂ ಸಾಯ್ತರೆ, ಇರೋದ್ನ ಇಲ್ಲ ಅಂದ್ರೂ ಸಾಯ್ತರೆ. ಅದ್ಕೇ ಕಂಡಿದ್ದು ಕಂಡಂಗೆ ಏಳ್ಬೇಕು ಕಣವ್ವಾ" ಅನ್ನುವರು. ಹೊಸ ಸೀರೆ ಉಟ್ಟು ಹೆಂಗಿದೆ ಅಂತ ಕೇಳಿದರೆ ಹೆಂಡತಿ ಗೌರಮ್ಮತ್ತೆಗೂ ಕಂಡಿದ್ದು ಕಂಡಂಗೆ ಹೇಳುತ್ತಿದ್ದರು, ಅದರ ಪ್ರತಿಫಲವನ್ನೂ ಉಣ್ಣುತ್ತಿದ್ದರು.

ನನ್ನ ಅಣ್ಣ ಕುಮಾರನನ್ನು ನೇವಿಗೆ ಸೇರಿಸಿದವರು ಇವರೇ. ನಮ್ಮೂರ ಕೆರೆಯಲ್ಲಿ ಈಜು ಕಲಿಸಿದರು, ಭರ್ತಿಗೆ ತಾವೇ ಕರೆದುಕೊಂಡು ಹೋದರು. ಅಪ್ಪ ಇಲ್ಲದ ಮನೆ. ಅವ್ವ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. "ನಾನಿದ್ದೀನಿ ಬುಡಕ್ಕಯ್ಯ" ಎಂದು ಮಾವ ಅಂಗಳದಲ್ಲಿ ನಿಂತು ಹೇಳಿದ ಮೇಲೆಯೇ ಅವಳು ಹೂಂ ಅಂದದ್ದು.

ನನಗೆ ಆ ಮನುಷ್ಯನ ಮೇಲೆ ಕೆಂಡದಂಥ ಸಿಟ್ಟು ಬಂದದ್ದು ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ. ಅಣ್ಣನ ಹಡಗು ಬಂದರು ಬಿಟ್ಟಿದೆ ಎಂದು ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಆಮೇಲೆ ಸುದ್ದಿಯೇ ಇಲ್ಲ. ಟೀ ಅಂಗಡಿಯಲ್ಲಿ ಯಾರೋ, "ಯುದ್ಧ ಬೆಟ್ಟದ ಮ್ಯಾಲೆ, ಅಡಗಿಗೇನು ಅಪಾಯ ತಮ್ಮಯ್ಯ?" ಅಂದರಂತೆ. ಸರಿ, ಕಸುಬಿನ ಮಾತು ಬಂದರೆ ಈ ಮಹಾರಾಯರಿಗೆ ಊಟ ನಿದ್ದೆ ಬೇಡ.

"ನಮ್ಮ ಬಸ್ಸೇ ಮಿಸೈಲು ಅಂದ್ಕಳಿ. ಸ್ಟಾಪೇ ಅಡಗು. ಆಕಾಸದಾಗೆ ಬಂದ್ರೆ ದೂರದಲ್ಲೇ ಕಾಣ್ತದೆ, ಒಡೆದಾಕ್ಬೋದು. ಈಗಿನವು ಅಂಗಲ್ಲ ಕಣ್ರಪ್ಪಾ! ನೀರಿಗೆ ತಾಗ್ತದೇನೋ ಅನ್ನಂಗೆ ತಗ್ಗಿನಲ್ಲೇ ಬತ್ತವೆ. ಬೂಮಿ ಗುಂಡಗದೆಯಲ್ವಾ, ಸಮುದ್ರಕ್ಕೂ ದಿಣ್ಣೆ ಅದೆ. ರಾಡಾರು ನೆಟ್ಟಗೆ ನೋಡ್ತದೆ, ದಿಣ್ಣೆ ಆಚೆಗೆ ಬಗ್ಗಾಕಿಲ್ಲ. ಅದು ದಿಣ್ಣೆ ನೆತ್ತಿಗೆ ಬರೋಗಂಟ ಗೊತ್ತಾಗಾಕಿಲ್ಲ. ಕಂಡ ಮ್ಯಾಲೆ ಒಂದು ಬೀಡಿ ಅಚ್ಕಳೋ ಅಷ್ಟು ಟೈಮು, ಅಷ್ಟೇಯ!"

ಪಕ್ಕದ ಮಿಲ್ಲಿನಲ್ಲಿ ನಮ್ಮವ್ವ ರಾಗಿ ಬೀಸಿಸುತ್ತಾ ನಿಂತಿದ್ದಳು. ಹಿಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಅವತ್ತಿನಿಂದ ಅವಳಿಗೆ ತುತ್ತು ಇಳಿಯಲಿಲ್ಲ. ಮುದ್ದೆ ಮುರಿದು ಕೈಯಲ್ಲೇ ಹಿಡಿದು ಕೂರುವಳು. ಮಧ್ಯಾಹ್ನದ ಬಸ್ಸಿಗೆ ಮುಂಚೆ ಎದ್ದು ಹೋಗಿ ದಿಣ್ಣೆಯ ನೆತ್ತಿಯ ಮೇಲೆ, ಹೊಂಗೆ ಮರದಡಿ ಕೂರುವಳು. ಆ ಬಸ್ಸಿಗೆ ಪೋಸ್ಟ್‌ಮ್ಯಾನ್ ಬರುತ್ತಿದ್ದ. ತಂತಿ ಬಂದರೆ ಅದರಲ್ಲೇ ಬರಬೇಕು. "ಬಂದ್ರೆ ದೂರದಿಂದ್ಲೇ ಕಾಣ್ಲಿ ಕಣೇ ಭಾಗ್ಯ. ಮನೆ ಬಾಗ್ಲಿಗೆ ಬಂದು ತಟಕ್ಕಂತ ನಿಂತ್ರೆ ನನ್ನ ಜೀವ ತಡೆಯಾಕಿಲ್ಲ" ಅಂದಳು. ಬೆಳಿಗ್ಗೆ ಮಾವ ಅಟ್ಟಣೆಯಿಂದ ಕೂಗಿದರೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ನಾನಾಗ ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ಬೈಯುವುದರಲ್ಲಿ ಪಳಗಿದ ಬಾಯಿ. ನೆಟ್ಟಗೆ ಬ್ಯಾರನ್ ಹತ್ತಿರ ಹೋಗಿ, "ಮಾವ, ನಿಮ್ಮ ಬಾಯಿಗೊಂದು ಬೀಗ ಇಲ್ವಾ? ಅವ್ವ ಹೋಗ್ಬಿಟ್ರೆ ನೀವು ತಂದ್ಕೊಡ್ತೀರಾ? ಬನ್ನಿ, ಅದೆಲ್ಲ ಸುಳ್ಳು ಅಂತ ಹೇಳಿ!" ಎಂದು ಕೂಗಾಡಿದೆ. ಅವರು ಏಣಿ ಇಳಿದು ಬಂದರು. ಮುಖ ಇಷ್ಟೇ ಇಷ್ಟಾಗಿತ್ತು. "ಸುಳ್ಳು ಅನ್ನಾಕೆ ಬರಾಕಿಲ್ಲ ಮಗಾ. ಆದ್ರೆ ಅರ್ಧ ಏಳಿವ್ನಿ. ಇನ್ನರ್ಧ ಏಳ್ತೀನಿ ನಡಿ" ಅಂದರು.

ದಿಣ್ಣೆಯ ಮೇಲೆ ಅವ್ವನಿಂದ ಮಾರು ದೂರದಲ್ಲಿ ಕೂತರು. ನಾನು ಊಟದ ಡಬ್ಬಿ ಹಿಡಿದು ನಿಂತಿದ್ದೆ. ಅವ್ವ ರಸ್ತೆ ಮೇಲಿಂದ ಕಣ್ಣು ತೆಗೆಯದೆಯೇ ಕೇಳಿದಳು: "ನಿಜ ಏಳು ತಮ್ಮಯ್ಯ. ಅದು ಬಂದ್ರೆ ತಪ್ಪಿಸ್ಕಳಾಕಾಯ್ತದಾ?"

"ಕಷ್ಟ ಅದೆ ಅಕ್ಕಯ್ಯ. ಬಲೇ ಕಳ್ಳ ನನ್ಮಗಂದು ಅದು. ಅದ್ರ ಕಣ್ಣೂ ಒಂದು ರಾಡಾರೇ, ಅದ್ನ ಮುಚ್ಕಂಡೇ ಬತ್ತದೆ. ಕಣ್ಣು ಬುಟ್ರೆ ನಮಗೆ ಗೊತ್ತಾಯ್ತದಲ್ಲ, ಅದ್ಕೆ ಅತ್ರ ಬಂದ ಮ್ಯಾಲೇ ಬುಡೋದು. ಗುರಿ ಇಟ್ಟು ಒಡೆಯಾಕೋದ್ರೆ ಹಾವಿನಂಗೆ ಓಲಾಡ್ತದೆ. ನಾವು ಬೆಳ್ಳಿ ಕಾಗದದಂತಾ ಚೂರು ಗಾಳಿಗೆ ತೂರ್ತೀವಿ, ಅದ್ನೇ ಅಡಗು ಅಂದ್ಕಂಡು ಅತ್ಲಾಗೋಗ್ಲಿ ಅಂತ. ಹಳೇವು ಓಯ್ತಿದ್ವು. ಹೊಸವು ಗಾಳಿಲಿ ತೇಲೋದ್ಯಾವ್ದು, ನೀರಲ್ಲಿ ಓಡೋದ್ಯಾವ್ದು ಅಂತ ನೋಡ್ತವೆ. ಒಂದೊಂದ್ಸಲ ನಾಕೂ ದಿಕ್ಕಿಂದ ಒಟ್ಟಿಗೇ ಬತ್ತವೆ."

ಅಯ್ಯೋ ದೇವರೇ, ಸಮಾಧಾನ ಮಾಡಲು ಬಂದು ಈ ಮನುಷ್ಯ ಚಟ್ಟ ಕಟ್ಟುತ್ತಿದ್ದಾರಲ್ಲ ಎಂದು ನಾನು ಕಣ್ಣು ಕಣ್ಣು ಬಿಟ್ಟೆ. ಅವ್ವ ಕೇಳಿದಳು: "ಮತ್ತೆ ಅಡಗಿನೋರು ಏನ್ ಮಾಡ್ತರೆ?"

"ನೀನೀಗ ಏನ್ ಮಾಡ್ತಿದ್ದೀಯೆ, ಅದೇಯ. ದಿಣ್ಣೆ ಹತ್ತಿ ನೋಡ್ತರೆ. ಸಮುದ್ರದಾಗೆ ದಿಣ್ಣೆ ಎಲ್ಲಿಂದ ತರೋದು? ಎಲಿಕಾಪ್ಟ್ರು ಮ್ಯಾಕೆ ಕಳಿಸ್ತರೆ. ಅಲ್ಲಿಂದ ಆಚೆದು ಕಾಣ್ತದೆ, ರೆಡಿ ಆಗಾಕೆ ಒತ್ತು ಸಿಕ್ತದೆ. ಅದ್ಕಿಂತ ದೊಡ್ಡದು ಇನ್ನೊಂದದೆ ಅಕ್ಕಯ್ಯ. ಮಿಸೈಲು ಬುಡೋನ್ಗೆ ಅಡಗು ಎಲ್ಲದೆ ಅಂತ ಗೊತ್ತಾಗ್ಬೇಕಲ್ವಾ?"

ಅವ್ವ ಮೊದಲ ಸಲ ಅವರ ಕಡೆ ತಿರುಗಿದಳು.

"ಅದ್ಕೇ ಅಡಗು ಬಾಯಿ ಮುಚ್ಕತದೆ. ವೈರ್‌ಲೆಸ್ಸು ಬಂದ್ ಮಾಡ್ತರೆ, ರಾಡಾರೂ ಒಂದೊಂದ್ಸಲ ಆರಿಸ್ತರೆ. ಕಾಗ್ದ ಇಲ್ಲ, ಪೋನಿಲ್ಲ. ಸರ್ವೀಸ್ನಾಗಿದ್ದಾಗ ನಾನೂ ಹಿಂಗೇ ಕೂತಿದ್ದೆ, ನಮ್ಮವ್ವ ಇಲ್ಲಿ ಸತ್ತೇ ಓದ್ನೇನೋ ಅಂತ ಅಳ್ತಿದ್ಲಂತೆ. ಕುಮಾರ ಯಾಕೆ ಸುದ್ದಿ ಕಳಿಸಿಲ್ಲ ಅಂತ ನಿನ್ನ ಹೊಟ್ಟೆ ಉರೀತದೆ. ಆ ಸದ್ದಿಲ್ದೇ ಇರೋದೇ ಅವನ ಮರೆ ಕಣಕ್ಕಯ್ಯ. ಅವನು ಕಾಗ್ದ ಬರೀದೆ ಇದ್ರೆ ಮರೆವಲ್ಲ, ಅವಿತ್ಕಂಡವ್ನೆ."

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೇಳಿದಳು: "ಆಣೆ ಇಡ್ತೀಯಾ?"

"ಅವಿತ್ಕಂಡವ್ನೆ ಅನ್ನಾಕೆ ಆಣೆ ಇಡ್ತೀನಿ. ಬಂದೇ ಬತ್ತನೆ ಅನ್ನಾಕೆ ಇಡಾಕಿಲ್ಲ. ಅದು ನನ್ ಕೈಲಿಲ್ಲ" ಅಂದರು ಮಾವ. "ಅವ್ನ ಕಳ್ಸಿದ್ದು ನಾನೇ ಕಣಕ್ಕಯ್ಯ. ನಂಗೂ ನಿದ್ದೆ ಬರಾಕಿಲ್ಲ."

ಬಂದೇ ಬರುತ್ತಾನೆ ಅಂದಿದ್ದರೆ ಅವ್ವ ನಂಬುತ್ತಿರಲಿಲ್ಲ. ಆಣೆ ಇಡುವುದಿಲ್ಲ ಅಂದದ್ದಕ್ಕೇ ಮೊದಲ ಮಾತನ್ನು ನಂಬಿದಳು. ಎದ್ದು ಸೀರೆ ಕೊಡವಿಕೊಂಡು, "ಇಲ್ಲಿ ಕೂರೋದು ನನ್ ಕೆಲ್ಸ ಅಲ್ಲ, ನಿಂದು. ಮಧ್ಯಾನದ ಬಸ್ಸೂ ನೀನೇ ನೋಡ್ಕ. ನಾನು ಉಣ್ತೀನಿ" ಅಂದಳು. ಡಬ್ಬಿ ಅಲ್ಲೇ ಬಿಚ್ಚಿ, ಮುದ್ದೆಯಲ್ಲಿ ಅರ್ಧ ಮುರಿದು ಅವರಿಗೂ ಕೊಟ್ಟಳು. ಇಬ್ಬರೂ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ಮಾವ ಎರಡು ಹೊತ್ತೂ ಅಟ್ಟಣೆ ಮೇಲೆ. ಮಧ್ಯಾಹ್ನದ ಕೂಗು ಕೇಳಿದರೆ ಅವ್ವ ಒಲೆ ಮುಂದೆ ಉಸಿರು ಹಿಡಿದು ಕೂರುವಳು, "ಫ್ರೆಂಡ್ಲಿ!" ಅಂತ ಬಂದ ಮೇಲೆಯೇ ಊದುಗೊಳವೆ ಊದುವಳು. ಬೆಟ್ಟದ ಮೇಲೆ ಯುದ್ಧ ಮುಗಿಯಿತು ಅಂತ ಟಿ.ವಿ.ಯಲ್ಲಿ ಬಂತು. ಅಣ್ಣನ ಸುದ್ದಿ ಮಾತ್ರ ಬರಲಿಲ್ಲ.

ಬ್ಯಾರನ್ನಿನಲ್ಲಿ ಆ ವರ್ಷದ ಮೊದಲ ಸೊಪ್ಪು ಬೇಯುತ್ತಿದ್ದ ಒಂದು ಭಾನುವಾರ. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. "ಕಾಂಟ್ಯಾಕ್ಟ್!" ಎಂಬ ಕೂಗು ಕೇಳಿತು. ಎರಡನೆಯ ಕೂಗು ಬರಲೇ ಇಲ್ಲ. ಅವ್ವ ಊದುಗೊಳವೆ ಹಿಡಿದುಕೊಂಡೇ ಹೊರಗೆ ಬಂದಳು. ಅಟ್ಟಣೆಯ ಮೇಲೆ ಮಾವನ ಕತ್ತು ನಿಂತಿತ್ತು, ಬಾಯಿ ತೆರೆದೇ ಇತ್ತು. ಆಮೇಲೆ ಆ ಮನುಷ್ಯ ಹೆಗಲ ಮೇಲಿನ ಟವೆಲ್ ಕಿತ್ತು ಗಿರಗಿರ ಬೀಸುತ್ತಾ ಊರೇ ಅದುರುವಂತೆ ಕಿರುಚಿದರು:

"ಫ್ರೆಂಡ್ಲೀ! ಅಕ್ಕಯ್ಯಾ, ಫ್ರೆಂಡ್ಲಿ ಕಣಕ್ಕಯ್ಯೋ!"

ದಿಣ್ಣೆಯಾಚೆಯ ತಿರುವಿನಲ್ಲಿ ಅಣ್ಣ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಜೋತುಬಿದ್ದು, ಬಿಳಿ ಟೋಪಿ ತೆಗೆದು ಬೀಸುತ್ತಿದ್ದನಂತೆ. ಅಟ್ಟಣೆ ಮೇಲೆ ಯಾರು ನೋಡುತ್ತಿರುತ್ತಾರೆಂದು ಅವನಿಗೆ ಗೊತ್ತಿಲ್ಲವೇ? ಅವ್ವ ಬರಿಗಾಲಲ್ಲಿ ಓಡಿದಳು, ಮಾವ ಏಣಿಯ ಅರ್ಧದಿಂದಲೇ ಹಾರಿ ಓಡಿದರು. ಬ್ಯಾರನ್ನಿನ ಬೆಂಕಿ ನೋಡುವವರೇ ಇಲ್ಲದೆ ಒಂದು ಬ್ಯಾರನ್ ಸೊಪ್ಪು ಸುಟ್ಟು ಕಪ್ಪಾಯಿತು. ಗೌರಮ್ಮತ್ತೆ ಆ ಕತೆ ಹೇಳಿ ಬೈಯುವಾಗೆಲ್ಲ ಮಾವ, "ಸುಟ್ಟೋಗ್ಲಿ ಬುಡೇ" ಎಂದು ನಗುತ್ತಿದ್ದರು.

ಆಮೇಲಾಮೇಲೆ ಅವರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದರೂ ಮೊದಲಿನ ಹಾಗಾಗಲಿಲ್ಲ. ಅಟ್ಟಣೆ ಹತ್ತುವುದನ್ನು ಗೌರಮ್ಮತ್ತೆ ಬಿಡಿಸಿದರು. ಡ್ರೈವರುಗಳೇ ದಿಣ್ಣೆ ಮೇಲೆ ಉದ್ದಕ್ಕೆ ಹಾರ್ನ್ ಹೊಡೆಯುವುದನ್ನು ರೂಢಿ ಮಾಡಿಕೊಂಡರು. "ಬತ್ತಿದ್ದೀನಿ ಅಂತ ತಾನೇ ಕಿರುಚ್ಕಂಡು ಬತ್ತದಲ್ಲ, ಇದ್ಕೆ ರಾಡಾರ್ ಯಾಕ್ ಬೇಕು" ಎಂದು ಜಗಲಿ ಮೇಲೆ ಕೂತು ಗೊಣಗುವರು. ಆದರೂ ಹಾರ್ನ್ ಕೇಳಿದರೆ ಕತ್ತು ತಾನಾಗಿ ಅತ್ತ ಹೊರಳುತ್ತಿತ್ತು. ಗೌರಮ್ಮತ್ತೆ ಒಳಗಿನಿಂದಲೇ "ಫ್ರೆಂಡ್ಲಿ ಕಣ್ರೀ, ಕೂತ್ಕಳಿ" ಅನ್ನಬೇಕು, ಆಗ ಸುಮ್ಮನಾಗುವರು.

ಅವರು ಹೋದದ್ದು ಸುಗ್ಗಿಯ ಸಮಯದಲ್ಲಿ, ಮಲಗಿದವರು ಮಲಗಿದ ಹಾಗೆಯೇ. ಊರೆಲ್ಲ ಅವರ ಅಂಗಳದಲ್ಲಿತ್ತು. ಅವ್ವ ತಲೆದೆಸೆಯಲ್ಲಿ ಕೂತಿದ್ದಳು. ಅಣ್ಣ ರಜೆ ಹಾಕಿ ಹೊರಟಿದ್ದ. ಅವನು ಬಂದ ಮೇಲೆಯೇ ಎತ್ತುವುದು ಎಂದು ಅವಳೇ ಹೇಳಿದ್ದಳು. ಮಧ್ಯಾಹ್ನ ದಿಣ್ಣೆಯ ಮೇಲೆ ಬಸ್ಸಿನ ಹಾರ್ನ್ ಉದ್ದಕ್ಕೆ ಕೇಳಿಸಿತು. ಗೌರಮ್ಮತ್ತೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ಅವ್ವ ಬಗ್ಗಿ, ಮಾವನ ಹಣೆಯ ಮೇಲೆ ಕೈಯಿಟ್ಟಳು.

"ನಮ್ಮೋರೇ ಕಣ್ ತಮ್ಮಯ್ಯ. ಪ್ರೆಂಡ್ಲಿ. ನೀನು ಮಲಿಕ್ಕ."